ಮೀಟರ್‌ 12 ವೋಲ್ಟ್ ತೋರಿಸಿಯೂ ಕಾರಿನ ಕಿಟಕಿಯ ಗಾಜು ಏಳದಿದ್ದರೆ

ಪ್ರಶ್ನೆ: ನನ್ನ ಕಾರಿನ ಮುಂಭಾಗದ ಪ್ರಯಾಣಿಕರ ಬಾಗಿಲಿನ ಪವರ್ ವಿಂಡೋ ಕೆಲವು ತಿಂಗಳುಗಳಿಂದ ನಿಧಾನವಾಗಿ ಏಳುತ್ತಿತ್ತು. ಈಗ ಗಾಜು ಅರ್ಧದಲ್ಲೇ ನಿಂತುಬಿಟ್ಟಿದೆ. ಚಾಲಕನ ಬಾಗಿಲಿನ ಸ್ವಿಚ್ ಒತ್ತಿದರೂ ಆ ಬಾಗಿಲಿನದೇ ಸ್ವಿಚ್ ಒತ್ತಿದರೂ ಅಲುಗಾಡುವುದಿಲ್ಲ, ಸದ್ದೂ ಬರುವುದಿಲ್ಲ. ಬಾಗಿಲನ್ನು ತೆರೆದು ಹಿಡಿದು ಸ್ವಿಚ್ ಒತ್ತಿದಾಗ ಮಾತ್ರ ಒಮ್ಮೊಮ್ಮೆ ಸ್ವಲ್ಪ ಚಲಿಸುತ್ತದೆ. ಉಳಿದ ಮೂರು ಕಿಟಕಿಗಳು ಸರಿಯಾಗಿವೆ, ಫ್ಯೂಸ್ ಸುಟ್ಟಿಲ್ಲ. ಗ್ಯಾರೇಜಿನವರು ಮೋಟಾರ್‌ನ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟು ನೋಡಿ, 12 ವೋಲ್ಟ್ ಬರುತ್ತಿರುವುದರಿಂದ ಮೋಟಾರೇ ಕೆಟ್ಟಿದೆ, ಅದನ್ನು ರೆಗ್ಯುಲೇಟರ್ (ಗಾಜನ್ನು ಹಿಡಿದು ಮೇಲೆ ಕೆಳಗೆ ಸರಿಸುವ ಯಾಂತ್ರಿಕ ಜೋಡಣೆ) ಸಮೇತ ಬದಲಿಸಬೇಕು ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಈಗಲೇ ಒಪ್ಪಿಕೊಳ್ಳಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಬಾಗಿಲು ತೆರೆದಾಗ ಗಾಜು ಒಮ್ಮೊಮ್ಮೆ ಚಲಿಸುತ್ತದೆ ಎಂಬ ಮಾತು. ಬಾಗಿಲನ್ನು ತೆರೆದಾಗ ಮೋಟಾರ್, ರೆಗ್ಯುಲೇಟರ್, ಗಾಜು ಇವೆಲ್ಲ ಬಾಗಿಲಿನ ಜೊತೆಯಲ್ಲೇ ಸಾಗುತ್ತವೆ. ಒಂದಕ್ಕೊಂದು ಇರುವ ಸಂಬಂಧದಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಕಾರಿನ ಮೈಯಿಂದ ಬಾಗಿಲಿನೊಳಕ್ಕೆ ದಾಟುವ ವೈರುಗಳ ಬಾಗು. ಹೀಗಾಗಿ ಅನುಮಾನದ ಬೆರಳು ಮೊದಲು ಅತ್ತ ಹೋಗಬೇಕು. ಮೋಟಾರ್ ಚೆನ್ನಾಗಿಯೇ ಇದೆ ಎಂದು ದೂರದಿಂದ ಖಚಿತವಾಗಿ ಹೇಳಲು ನನಗೂ ಆಗದು. ಆದರೆ ಅದು ಕೆಟ್ಟಿದೆ ಎನ್ನುವುದಕ್ಕೆ ಅವರು ಮುಂದಿಟ್ಟಿರುವ 12 ವೋಲ್ಟಿನ ಆಧಾರ ಸಾಲದು. ಅದೇಕೆ ಸಾಲದು ಎಂಬುದನ್ನು ತಿಳಿಯಬೇಕಾದರೆ ವಿದ್ಯುತ್ತು ಆ ಮೋಟಾರ್‌ನ್ನು ತಲುಪುವ ದಾರಿಯನ್ನು ಸ್ವಲ್ಪ ನೋಡಬೇಕು.

ಬಹುತೇಕ ಕಾರುಗಳಲ್ಲಿ ಕಿಟಕಿಯ ಮೋಟಾರ್ ಎಂದರೆ ಎರಡೇ ವೈರುಗಳಿರುವ ಒಂದು ಡಿಸಿ ಮೋಟಾರ್. ಒಂದು ವೈರಿಗೆ ಪ್ಲಸ್, ಇನ್ನೊಂದಕ್ಕೆ ಅರ್ತ್ (ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ಹಾದಿ) ಸಿಕ್ಕರೆ ಗಾಜು ಏಳುತ್ತದೆ, ಅದಲುಬದಲಾದರೆ ಇಳಿಯುತ್ತದೆ. ಸ್ವಿಚ್ ಒತ್ತದೆ ಇರುವಾಗ ಎರಡೂ ವೈರುಗಳು ಸ್ವಿಚ್ಚಿನ ಮೂಲಕ ಅರ್ತ್‌ಗೆ ಸೇರಿಕೊಂಡಿರುತ್ತವೆ. ಒತ್ತಿದಾಗ ಒಂದು ಮಾತ್ರ ಅರ್ತ್‌ನಿಂದ ಬಿಡಿಸಿಕೊಂಡು ಪ್ಲಸ್ ಕಡೆಗೆ ಹೋಗುತ್ತದೆ. ಪ್ರಯಾಣಿಕರ ಬಾಗಿಲಿನ ವಿಷಯದಲ್ಲಿ ಇನ್ನೂ ಒಂದು ಸುತ್ತು ಇದೆ. ಅನೇಕ ಕಾರುಗಳಲ್ಲಿ ಆ ಬಾಗಿಲಿನ ಸ್ವಿಚ್ಚಿಗೆ ಸ್ವಂತ ಅರ್ತ್ ಇರುವುದಿಲ್ಲ. ಅದು ಚಾಲಕನ ಬಾಗಿಲಿನಲ್ಲಿರುವ ಮಾಸ್ಟರ್ ಸ್ವಿಚ್ಚಿನ ಒಳಗಿಂದ ಹಾದು ಬರುತ್ತದೆ. ಅಂದರೆ ಪ್ರಯಾಣಿಕರು ತಮ್ಮದೇ ಸ್ವಿಚ್ ಒತ್ತಿದಾಗಲೂ ವಿದ್ಯುತ್ತು ಒಂದು ಬಾಗಿಲಿನ ಕೀಲನ್ನು ದಾಟಿ, ಮೋಟಾರ್ ಹೊಕ್ಕು, ಮತ್ತೆ ಅದೇ ಕೀಲನ್ನು ದಾಟಿ, ಚಾಲಕನ ಬಾಗಿಲಿನ ಸ್ವಿಚ್ಚಿನವರೆಗೂ ಹೋಗಿ ತನ್ನ ಸುತ್ತನ್ನು ಮುಗಿಸುತ್ತದೆ. ಎರಡೂ ಸ್ವಿಚ್ಚುಗಳಿಂದ ಕೆಲಸ ಆಗುತ್ತಿಲ್ಲ, ಆದ್ದರಿಂದ ದೋಷ ಮೋಟಾರ್‌ನಲ್ಲೇ ಇರಬೇಕು ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸಿದರೂ ಇಂಥ ಜೋಡಣೆಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಎರಡಕ್ಕೂ ಸಾಮಾನ್ಯವಾದ ಹಾದಿ ಉದ್ದವಾಗಿಯೇ ಇದೆ.

ಈಗ ಆ 12 ವೋಲ್ಟಿನ ಮಾತಿಗೆ ಬರೋಣ. ಡಿಜಿಟಲ್ ಮೀಟರ್ ತಾನು ಅಳೆಯುವ ಜಾಗದಿಂದ ಹೀರಿಕೊಳ್ಳುವ ವಿದ್ಯುತ್ ಪ್ರವಾಹ ಅತ್ಯಲ್ಪ. ಸಾಮಾನ್ಯ ಮೀಟರ್‌ನ ಒಳರೋಧ ಸುಮಾರು 1 ಕೋಟಿ ಓಮ್ ಇರುತ್ತದೆ, ಹಾಗಾಗಿ 12 ವೋಲ್ಟಿಗೆ ಹಿಡಿದಾಗ ಅದರ ಮೂಲಕ ಹರಿಯುವುದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಕಿಟಕಿಯ ಮೋಟಾರ್‌ಗೆ ಗಾಜನ್ನು ಎತ್ತಲು ಬೇಕಾದದ್ದು ಹಲವು ಆಂಪಿಯರ್. ಒಂದು ವೈರಿನಲ್ಲಿರುವ ಹತ್ತಾರು ತಾಮ್ರದ ಎಳೆಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ತುಂಡಾಗಿದ್ದರೂ ಮೀಟರಿಗೆ ಆ ಒಂದೇ ಎಳೆ ಧಾರಾಳವಾಗಿ ಸಾಕು. ಅದು 12 ವೋಲ್ಟನ್ನೇ ತೋರಿಸುತ್ತದೆ. ಮೋಟಾರ್ ಜೋಡಿಸಿದ ಕ್ಷಣದಲ್ಲಿ ಆ ವೋಲ್ಟೇಜ್ ಕುಸಿಯುತ್ತದೆ.

ಇದನ್ನು ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಿಂತಿರುವ ಮೋಟಾರ್‌ನ ರೋಧ ಸುಮಾರು ಅರ್ಧ ಓಮ್ ಎಂದಿಟ್ಟುಕೊಳ್ಳಿ. ವೈರು ಚೆನ್ನಾಗಿದ್ದರೆ ಹೊರಡುವ ಕ್ಷಣದಲ್ಲಿ ಅದಕ್ಕೆ 20 ಆಂಪಿಯರ್‌ಗಿಂತ ಹೆಚ್ಚು ಸಿಗಬಲ್ಲದು. ತುಂಡಾಗುತ್ತಿರುವ ವೈರಿನಲ್ಲಿ ಬರೀ 2 ಓಮ್ ರೋಧ ಸೇರಿಕೊಂಡಿತೆಂದರೆ ಒಟ್ಟು ಎರಡೂವರೆ ಓಮ್ ಆಯಿತು, ಪ್ರವಾಹ 4.8 ಆಂಪಿಯರ್‌ಗೆ ಇಳಿಯಿತು. ಮೋಟಾರ್‌ನ ಎರಡು ತುದಿಗಳ ನಡುವೆ ಉಳಿದದ್ದು 2.4 ವೋಲ್ಟ್. ಆ ಶಕ್ತಿಯಲ್ಲಿ ಗಾಜು ಏಳುವುದಿಲ್ಲ, ಮೋಟಾರ್ ಗುಂಯ್ ಎನ್ನುವುದೂ ಕಷ್ಟ. ಉಳಿದ 9.6 ವೋಲ್ಟ್ ಹೋದದ್ದೆಲ್ಲಿಗೆ? ಹಾಳಾದ ಆ ಒಂದು ಬಿಂದುವಿನಲ್ಲಿ ಅದು ಬಿಸಿಯಾಗಿ ಖರ್ಚಾಗುತ್ತಿದೆ. 9.6ನ್ನು 4.8ರಿಂದ ಗುಣಿಸಿದರೆ ಸುಮಾರು 46 ವ್ಯಾಟ್. ಬೆಸುಗೆಗೆ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು ಶಾಖ ವೈರಿನ ಕೆಲವು ಮಿಲಿಮೀಟರ್ ಜಾಗದಲ್ಲಿ ಹುಟ್ಟುತ್ತಿದೆ ಎಂದರ್ಥ. ಈ ಕಾರಣಕ್ಕಾಗಿಯೇ, ಗಾಜು ಏಳದಿದ್ದಾಗ ಸ್ವಿಚ್ಚನ್ನು ಮತ್ತೆ ಮತ್ತೆ, ಒತ್ತಿ ಹಿಡಿದು ಪ್ರಯತ್ನಿಸುವುದನ್ನು ದಯವಿಟ್ಟು ಇಂದಿನಿಂದಲೇ ನಿಲ್ಲಿಸಿ. ಫ್ಯೂಸ್ ನಿಮ್ಮನ್ನು ಇಲ್ಲಿ ಕಾಪಾಡುವುದಿಲ್ಲ. 20 ಅಥವಾ 30 ಆಂಪಿಯರ್‌ನ ಫ್ಯೂಸ್ 4.8 ಆಂಪಿಯರ್‌ಗೆ ಸುಡುವುದೇ ಇಲ್ಲ.

ಉಪಕರಣವೇನೂ ಇಲ್ಲದೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ರಾತ್ರಿಯ ಹೊತ್ತು ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಒಳಗಿನ ದೀಪ ಹಚ್ಚಿ, ಆ ಕಿಟಕಿಯ ಸ್ವಿಚ್ಚನ್ನು ಒಂದೆರಡು ಕ್ಷಣ ಒತ್ತಿ ದೀಪವನ್ನೇ ಗಮನಿಸಿ. ಮೊದಲು ಚೆನ್ನಾಗಿರುವ ಇನ್ನೊಂದು ಕಿಟಕಿಯಲ್ಲಿ ಇದನ್ನು ಮಾಡಿ ನೋಡಿದರೆ ಹೋಲಿಕೆಗೆ ಒಂದು ಅಳತೆ ಸಿಗುತ್ತದೆ. ಕೆಟ್ಟ ಕಿಟಕಿಯ ಸ್ವಿಚ್ ಒತ್ತಿದಾಗ ದೀಪ ಸ್ಪಷ್ಟವಾಗಿ ಮಂಕಾದರೆ ಮೋಟಾರ್‌ಗೆ ಭಾರಿ ಪ್ರವಾಹ ಹರಿಯುತ್ತಿದೆ. ಆದರೂ ಅದು ತಿರುಗುತ್ತಿಲ್ಲವೆಂದರೆ ಮೋಟಾರ್ ಸಿಕ್ಕಿಕೊಂಡಿದೆ ಅಥವಾ ರೆಗ್ಯುಲೇಟರ್ ಬಿಗಿದುಕೊಂಡಿದೆ. ದೀಪ ಕದಲದೇ ಇದ್ದರೆ ಪ್ರವಾಹ ಇಲ್ಲ ಅಥವಾ ತೀರ ಕಡಿಮೆ. ಆಗ ದೋಷ ವೈರಿನಲ್ಲಿ, ಸ್ವಿಚ್ಚಿನಲ್ಲಿ ಅಥವಾ ಮೋಟಾರ್‌ನೊಳಗೆ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ, ಸವೆದುಹೋದ ಇಂಗಾಲದ ಬ್ರಷ್‌ಗಳಲ್ಲಿ. ಎಲ್‌ಇಡಿ ದೀಪಗಳಿರುವ ಹೊಸ ಕಾರುಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದೇ ಹೋಗಬಹುದು ಎಂಬುದನ್ನೂ ನೆನಪಿಡಿ.

ಖಚಿತವಾದ ಉತ್ತರ ಬೇಕೆಂದರೆ ಬಾಗಿಲಿನ ಒಳಹೊದಿಕೆಯನ್ನು ತೆಗೆಯಲೇಬೇಕು, ಮತ್ತು ಅಳತೆಯನ್ನು ಮೋಟಾರ್‌ನ ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲೇ ಮಾಡಬೇಕು. ಗ್ಯಾರೇಜಿನವರನ್ನು ಇದೊಂದನ್ನು ಕೇಳಿಕೊಳ್ಳಿ. ಕನೆಕ್ಟರ್‌ನ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ, ಎರಡು ವೈರುಗಳ ನಡುವೆ ಮೀಟರ್ ಹಿಡಿದು, ಸ್ವಿಚ್ ಒತ್ತಿಸಬೇಕು. 11 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಬಂದು ಮೋಟಾರ್ ಮೌನವಾಗಿದ್ದರೆ ಅವರ ಮಾತು ನಿಜ, ಮೋಟಾರ್ ಹೋಗಿದೆ, ನಿಸ್ಸಂಕೋಚವಾಗಿ ಬದಲಿಸಿ. ಎರಡು ಮೂರು ವೋಲ್ಟ್ ಮಾತ್ರ ಬಂದರೆ ಅಥವಾ ಏನೂ ಬಾರದಿದ್ದರೆ ಮೋಟಾರ್‌ನ್ನು ದೂರುವಂತಿಲ್ಲ. ಆಗ ಪ್ರತಿಯೊಂದು ವೈರನ್ನೂ ಪ್ರತ್ಯೇಕವಾಗಿ ಕಾರಿನ ಮೈಗೆ ಹೋಲಿಸಿ ಅಳೆಯಬೇಕು. ಸ್ವಿಚ್ ಒತ್ತಿದಾಗ ಒಂದು ವೈರು 12ರ ಹತ್ತಿರ, ಇನ್ನೊಂದು ಸೊನ್ನೆಯ ಹತ್ತಿರ ಇರಬೇಕಾದದ್ದು ನಿಯಮ. ಒಂದೂ 12ಕ್ಕೆ ಬಾರದಿದ್ದರೆ ಪ್ಲಸ್ ಹಾದಿ ಮುರಿದಿದೆ. ಎರಡೂ 12 ತೋರಿಸಿದರೆ ಪ್ಲಸ್ ಬಂದಿದೆ, ಮೋಟಾರ್‌ನ ಸುರುಳಿಯನ್ನು ಹಾದು ಆಚೆ ಬದಿಗೂ ತಲುಪಿದೆ, ಆದರೆ ಹಿಂದಿರುಗುವ ಅರ್ತ್ ಹಾದಿ ಇಲ್ಲ.

ಈ ಕೊನೆಯ ಸ್ಥಿತಿಯಲ್ಲೇ ಅತಿ ಹೆಚ್ಚು ಮೋಟಾರ್‌ಗಳು ಅನ್ಯಾಯವಾಗಿ ಬದಲಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಮೀಟರ್‌ನ ಕಪ್ಪು ಕಡ್ಡಿಯನ್ನು ಬಾಗಿಲಿನ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯನ್ನು ಕನೆಕ್ಟರಿಗೆ ಮುಟ್ಟಿಸಿ ‘12 ಇದೆ’ ಎಂದು ನಿರ್ಧರಿಸುವವರು ಅರ್ಧ ಹಾದಿಯನ್ನು ಮಾತ್ರ ಪರೀಕ್ಷಿಸಿದ್ದಾರೆ. ಮೀಟರ್ ಬಳಸಲು ಅನುಕೂಲವಿಲ್ಲದಿದ್ದರೆ ಹಳೆಯದೊಂದು 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಇನ್ನೂ ಸರಳವಾದ ಸಾಧನ. ಕನೆಕ್ಟರ್ ಬಿಚ್ಚಿ ಅದರ ಎರಡು ವೈರುಗಳಿಗೆ ಬಲ್ಬು ಜೋಡಿಸಿ ಸ್ವಿಚ್ ಒತ್ತಬೇಕು. ಅದು ನಾಲ್ಕೂವರೆ ಆಂಪಿಯರ್‌ನಷ್ಟು ಪ್ರವಾಹ ಬೇಡುವುದರಿಂದ ಪೂರ್ಣ ಪ್ರಕಾಶದಿಂದ ಉರಿದರೆ ವೈರು ಮತ್ತು ಸ್ವಿಚ್ ಚೆನ್ನಾಗಿವೆ. ಕೆಂಡದಂತೆ ಮಿಣುಕಿದರೆ ಅಥವಾ ಉರಿಯದೇ ಹೋದರೆ ದೋಷ ಮೋಟಾರಿಗಿಂತ ಹಿಂದೆ, ವೈರಿನಲ್ಲೋ ಸ್ವಿಚ್ಚಿನಲ್ಲೋ ಇದೆ. ಬಲ್ಬು ಬೇಗ ಬಿಸಿಯಾಗುತ್ತದೆ, ಸೀಟಿನ ಬಟ್ಟೆಗೆ ತಾಗದಂತೆ ಹಿಡಿಯಿರಿ. ಬಲ್ಬು ಹೊತ್ತಿರುವಾಗಲೇ ಇನ್ನೊಬ್ಬರು ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಲಿ. ಆಗ ಬೆಳಕು ಏರಿಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಹಾಗೆ ಸಿಕ್ಕಿತೆಂದೇ ಭಾವಿಸಿ ವೈರಿನ ರಿಪೇರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಅವಸರದಲ್ಲಿ ಮಾಡಿದರೆ ಕೆಲವೇ ತಿಂಗಳಲ್ಲಿ ಅದೇ ತೊಂದರೆ ಮರಳುತ್ತದೆ. ಬಾಗಿಲಿನ ಕೀಲುಗಳ ನಡುವೆ, ಕಾರಿನ ಮೈಗೂ ಬಾಗಿಲಿಗೂ ಮಧ್ಯೆ, ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಕಾಣುತ್ತದೆ. ವೈರುಗಳ ಕಟ್ಟು ಅದರೊಳಗೆ ಹಾಯುತ್ತದೆ ಮತ್ತು ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದೇ ಜಾಗದಲ್ಲಿ ಬಾಗುತ್ತದೆ. ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿದ ಮೇಲೆ ಈ ರಬ್ಬರನ್ನು ಒಂದು ಬದಿಯಿಂದ ನಾಜೂಕಾಗಿ ಬಿಡಿಸಿ ಹಿಂದಕ್ಕೆ ಸರಿಸಿ, ಒಳಗಿನ ವೈರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ತಾಮ್ರ ತುಂಡಾಗಿರುವ ಕಡೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಉಳಿದಿರುವುದರಿಂದ ಅದು ರಬ್ಬರಿನಂತೆ ಹಿಗ್ಗುತ್ತದೆ. ಹೊರಗಿನಿಂದ ವೈರು ಅಖಂಡವಾಗಿಯೇ ಕಾಣುತ್ತಿರುತ್ತದೆ. ಕೆಲವು ಕಡೆ ಹೊದಿಕೆಯೂ ಬಿರಿದು, ಬಿಸಿಯಿಂದ ಕಂದಿ, ತಾಮ್ರ ಹಸಿರಾಗಿರುವುದನ್ನು ನೋಡಬಹುದು. ಸೆಂಟ್ರಲ್ ಲಾಕ್ ಮತ್ತು ಬಾಗಿಲಿನ ಸ್ಪೀಕರ್‌ನ ವೈರುಗಳೂ ಸಾಮಾನ್ಯವಾಗಿ ಇದೇ ಕಟ್ಟಿನಲ್ಲಿ ಬರುತ್ತವೆ. ಆ ಬಾಗಿಲಿನ ಲಾಕ್ ಆಗಾಗ ತಪ್ಪುತ್ತಿದೆಯೇ, ಸ್ಪೀಕರ್ ಕೆಲವೊಮ್ಮೆ ಸುಮ್ಮನಾಗುತ್ತದೆಯೇ ಎಂದು ಈಗಲೇ ಗಮನಿಸಿದರೆ ರಬ್ಬರ್ ಬಿಚ್ಚುವ ಮೊದಲೇ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ.

ತುಂಡಾದ ತುದಿಗಳನ್ನು ಹೊಸೆದು ಟೇಪ್ ಸುತ್ತುವುದು ರಿಪೇರಿಯಲ್ಲ. ತುಂಡಾದ ಜಾಗದಲ್ಲೇ ಬೆಸುಗೆ ಹಾಕುವುದೂ ಸರಿಯಲ್ಲ. ಕರಗಿದ ಸೀಸ ತಾಮ್ರದ ಎಳೆಗಳ ನಡುವೆ ಹೀರಿಕೊಂಡು ವೈರನ್ನು ಕಡ್ಡಿಯಂತೆ ಗಟ್ಟಿಯಾಗಿಸುತ್ತದೆ, ಮತ್ತು ಆ ಗಟ್ಟಿ ಭಾಗ ಮುಗಿಯುವ ಅಂಚಿನಲ್ಲೇ ವೈರು ಮತ್ತೆ ಮುರಿಯುತ್ತದೆ. ಸರಿಯಾದ ಕ್ರಮವೆಂದರೆ ಬಾಗುವ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ, ಸಣ್ಣ ಎಳೆಗಳಿರುವ ಮೆದುವಾದ ಹೊಸ ವೈರಿನ ತುಂಡನ್ನು ಮೊದಲಿಗಿಂತ ತುಸು ಉದ್ದವಾಗಿಯೇ ಇಟ್ಟು, ಎರಡೂ ಕೂಡುಗಳು ರಬ್ಬರ್ ಕೊಳವೆಯ ಆಚೆ, ಅಲುಗಾಟವಿಲ್ಲದ ಜಾಗದಲ್ಲಿ ಬರುವಂತೆ ಜೋಡಿಸುವುದು. ಒಂದಕ್ಕಿಂತ ಹೆಚ್ಚು ವೈರು ಕೂಡಿಸಬೇಕಾದಾಗ ಎಲ್ಲ ಕೂಡುಗಳೂ ಒಂದೇ ಸಾಲಿನಲ್ಲಿ ಬಂದು ಗಂಟು ಕಟ್ಟದಂತೆ ಹಿಂದುಮುಂದು ಮಾಡಬೇಕು. ಪ್ರತಿಯೊಂದಕ್ಕೂ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ (ಹೀಟ್ ಶ್ರಿಂಕ್ ಸ್ಲೀವ್) ಹಾಕಬೇಕು. ಒಂದು ವೈರು ಮುರಿದಿದೆಯೆಂದರೆ ಪಕ್ಕದವೂ ಅಷ್ಟೇ ಸಲ ಬಾಗಿವೆ. ಅವುಗಳನ್ನೂ ಎಳೆದು ನೋಡದೆ ರಬ್ಬರ್ ಮುಚ್ಚಬೇಡಿ.

ವೈರುಗಳೆಲ್ಲ ಗಟ್ಟಿಯಾಗಿಯೇ ಇದ್ದರೆ ಮುಂದಿನ ಅನುಮಾನ ಮಾಸ್ಟರ್ ಸ್ವಿಚ್ಚಿನದು. ಅದರ ಒಳಗಿನ ತಾಮ್ರದ ಸಂಪರ್ಕ ಬಿಂದುಗಳು ಪ್ರತಿಸಲ ಕಿಡಿ ಹಾರಿ ಕ್ರಮೇಣ ಕಪ್ಪಾಗುತ್ತವೆ. ಮಳೆನೀರು ಅಥವಾ ಪಾನೀಯ ಚೆಲ್ಲಿದ್ದರೆ ಇನ್ನೂ ಬೇಗ. ವಿದ್ಯುತ್ ಸಂಪರ್ಕ ಸ್ವಚ್ಛಗೊಳಿಸಲೆಂದೇ ಬರುವ ಸ್ಪ್ರೇ ಬಳಸಿದರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ, ಆದರೆ ಬಿಂದುಗಳು ಸುಟ್ಟು ಗುಳಿ ಬಿದ್ದಿದ್ದರೆ ಸ್ವಿಚ್ ಬದಲಿಸುವುದೇ ದಾರಿ. ಇದಕ್ಕೂ ಮೊದಲು ಚಾಲಕನ ಬಾಗಿಲಿನಲ್ಲಿರುವ ವಿಂಡೋ ಲಾಕ್ ಗುಂಡಿಯನ್ನು ಹಲವು ಸಲ ಒತ್ತಿ ಬಿಡಿ. ಪ್ರಯಾಣಿಕರ ಸ್ವಿಚ್ಚುಗಳನ್ನು ಅದು ನಿಷ್ಕ್ರಿಯಗೊಳಿಸುತ್ತದೆ ಮತ್ತು ಅದರೊಳಗಿನ ಸಂಪರ್ಕವೂ ಕೆಡುವುದುಂಟು.

ಗಾಜು ಕೆಲವು ತಿಂಗಳುಗಳಿಂದ ನಿಧಾನವಾಗಿತ್ತು ಎಂಬ ನಿಮ್ಮ ಇನ್ನೊಂದು ಮಾತನ್ನು ನಾನು ಮರೆತಿಲ್ಲ. ಅದು ಸವೆಯುತ್ತಿದ್ದ ವೈರಿನ ಪರಿಣಾಮವೇ ಇರಬಹುದು, ಏಕೆಂದರೆ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಆದರೆ ಗಾಜು ಜಾರುವ ರಬ್ಬರ್ ಹಳಿಗಳು ಧೂಳು ತುಂಬಿ ಒಣಗಿದ್ದರೂ ಹೀಗೆಯೇ ಆಗುತ್ತದೆ, ಮತ್ತು ಎರಡು ಕಾರಣಗಳೂ ಒಟ್ಟಿಗಿರಬಹುದು. ಗಾಜು ಬಿಗಿಯಾದಷ್ಟೂ ಮೋಟಾರ್ ಹೆಚ್ಚು ಪ್ರವಾಹ ಬೇಡುತ್ತದೆ, ಅದರಿಂದ ದುರ್ಬಲ ವೈರು ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಒಳಹೊದಿಕೆ ತೆಗೆದಿರುವಾಗಲೇ ಗಾಜನ್ನು ರೆಗ್ಯುಲೇಟರ್‌ನಿಂದ ಬಿಡಿಸಿ ಕೈಯಿಂದ ಮೇಲೆ ಕೆಳಗೆ ಸರಿಸಿ ನೋಡಬೇಕು. ಅದು ಎಲ್ಲೂ ಹಿಡಿಯದೆ ಜಾರಬೇಕು. ಹಿಡಿದರೆ ಹಳಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹಾಕಬೇಕು. ಎಂಜಿನ್ ಆಯಿಲ್, ಗ್ರೀಸ್‌ಗಳನ್ನು ರಬ್ಬರಿಗೆ ಹಚ್ಚಬಾರದು. ಅವು ರಬ್ಬರನ್ನು ಉಬ್ಬಿಸುತ್ತವೆ, ಧೂಳನ್ನೂ ಅಂಟಿಸಿಕೊಳ್ಳುತ್ತವೆ. ಬಹಳಷ್ಟು ಮೋಟಾರ್‌ಗಳೊಳಗೆ ಅತಿಯಾಗಿ ಬಿಸಿಯಾದಾಗ ಪ್ರವಾಹ ತಡೆಯುವ ಒಂದು ರಕ್ಷಕವೂ ಇರುತ್ತದೆ. ಗಾಜು ಕೆಲವು ಸಲ ಏರಿಳಿದು ಆಮೇಲೆ ಸ್ತಬ್ಧವಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೆಲಸ ಮಾಡಿದರೆ ಅದು ಆ ರಕ್ಷಕದ ಕೆಲಸವೇ ಹೊರತು ವೈರಿನ ದೋಷವಲ್ಲ.

ಮೋಟಾರ್‌ನ್ನೇ ಪರೀಕ್ಷಿಸಬೇಕೆಂದರೆ, ಎರಡೇ ಪಿನ್‌ಗಳಿರುವ ಮೋಟಾರ್‌ಗೆ ಫ್ಯೂಸ್ ಅಳವಡಿಸಿದ ವೈರಿನಿಂದ ಬ್ಯಾಟರಿಯ ಶಕ್ತಿಯನ್ನು ನೇರವಾಗಿ, ಕ್ಷಣಮಾತ್ರ ಕೊಟ್ಟು ನೋಡಬಹುದು. ವೈರುಗಳನ್ನು ಅದಲುಬದಲು ಮಾಡಿದಾಗ ಅದು ಎದುರು ದಿಕ್ಕಿಗೆ ತಿರುಗಬೇಕು. ಎರಡಕ್ಕಿಂತ ಹೆಚ್ಚು ಪಿನ್‌ಗಳಿದ್ದರೆ ಒಳಗೆ ಇಲೆಕ್ಟ್ರಾನಿಕ್ ಭಾಗವೋ ಸೆನ್ಸರೋ ಇದೆ ಎಂದರ್ಥ. ಅಂಥ ಮೋಟಾರ್‌ಗೆ ನೇರ ವಿದ್ಯುತ್ ಕೊಟ್ಟರೆ ಅದು ಶಾಶ್ವತವಾಗಿ ಹಾಳಾಗಬಹುದು, ಆ ಕಾರಿಗೆ ಸ್ಕ್ಯಾನರ್ ಜೋಡಿಸಿ ನೋಡುವವರೇ ಬೇಕು. ಸ್ವಿಚ್ ಒತ್ತಿರುವಾಗ ಬಾಗಿಲಿನ ಕೆಳಭಾಗಕ್ಕೆ ಅಂಗೈಯಿಂದ ಗುದ್ದಿದರೆ ಮೋಟಾರ್ ಎಚ್ಚೆತ್ತುಕೊಳ್ಳುವುದುಂಟು. ಬ್ರಷ್‌ಗಳು ಸವೆದಿರುವುದಕ್ಕೆ ಅದು ಒಳ್ಳೆಯ ಸೂಚನೆ, ಆದರೆ ಸಡಿಲ ಕನೆಕ್ಟರ್ ಕೂಡ ಹಾಗೆಯೇ ವರ್ತಿಸುವುದರಿಂದ ಅದೊಂದನ್ನೇ ನಂಬಬೇಡಿ. ರೆಗ್ಯುಲೇಟರ್ ವಿಷಯ ನಿಮ್ಮಲ್ಲಿ ದೂರದ್ದು. ಅದರ ಕೇಬಲ್ ಅಥವಾ ಪ್ಲಾಸ್ಟಿಕ್ ಹಿಡಿಕೆ ಮುರಿದಿದ್ದರೆ ಮೋಟಾರ್ ತಿರುಗುವ ಸದ್ದು ಕೇಳಿಯೂ ಗಾಜು ಚಲಿಸುವುದಿಲ್ಲ, ಅಥವಾ ಗಾಜು ಓರೆಯಾಗಿ ಬಾಗಿಲಿನೊಳಕ್ಕೆ ಕುಸಿಯುತ್ತದೆ.

ಬಾಗಿಲು ಬಿಚ್ಚುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಲೇಬೇಕು. ಅನೇಕ ಕಾರುಗಳ ಮುಂದಿನ ಬಾಗಿಲಿನೊಳಗೆ ಏರ್‌ಬ್ಯಾಗ್‌ಗೆ ಸಂಬಂಧಿಸಿದ ಸೆನ್ಸರ್ ಇರುತ್ತದೆ. ಇಗ್ನಿಷನ್ ಆನ್ ಇರುವಾಗ ಅದರ ಕನೆಕ್ಟರನ್ನು ಬಿಚ್ಚಬಾರದು. ಕತ್ತರಿಯಾಕಾರದ ತೋಳುಗಳಿರುವ ರೆಗ್ಯುಲೇಟರ್ ಆಗಿದ್ದರೆ ಅದರ ಸುರುಳಿ ಸ್ಪ್ರಿಂಗ್ ಬಿಗಿಯಾಗಿ ಶಕ್ತಿ ತುಂಬಿಕೊಂಡಿರುತ್ತದೆ, ತೋಳುಗಳನ್ನು ಭದ್ರಪಡಿಸದೆ ಮೋಟಾರ್ ಬಿಚ್ಚಿದರೆ ಅವು ರಭಸದಿಂದ ತಿರುಗಿ ಬೆರಳನ್ನು ಕತ್ತರಿಸಬಲ್ಲವು. ಗಾಜಿನ ಬೋಲ್ಟ್ ತೆಗೆಯುವ ಮೊದಲು ಅದನ್ನು ಮೇಲಿನ ಚೌಕಟ್ಟಿಗೆ ಅಗಲವಾದ ಟೇಪಿನಿಂದ ಹಿಡಿಸಿರಬೇಕು. ಒಳಹೊದಿಕೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಬೇಡದ ಕಾಗದದಂತೆ ಕಂಡರೂ, ಗಾಜಿನ ಅಂಚಿನಿಂದ ಇಳಿಯುವ ಮಳೆನೀರನ್ನು ಕಾರಿನೊಳಕ್ಕೆ ಬಿಡದೆ ಬಾಗಿಲಿನ ತಳದ ರಂಧ್ರಗಳ ಕಡೆಗೆ ಕಳಿಸುವುದು ಅದೇ. ಹರಿಯದಂತೆ ಬಿಡಿಸಿ, ಮರಳಿ ಸುತ್ತಲೂ ಅಂಟಿಸಬೇಕು. ತಳದ ರಂಧ್ರಗಳು ಮಣ್ಣಿನಿಂದ ಮುಚ್ಚಿದ್ದರೆ ಅವನ್ನೂ ತೆರೆಯಿಸಿ.

ಇದೆಲ್ಲ ಆಗುವವರೆಗೆ ಅರ್ಧ ತೆರೆದ ಗಾಜನ್ನು ಮುಚ್ಚುವುದು ಹೇಗೆ ಎಂಬ ಚಿಂತೆ ನಿಮಗಿರಬಹುದು. ಒಬ್ಬರು ಬಾಗಿಲನ್ನು ಯಾವ ಕೋನದಲ್ಲಿ ಗಾಜು ಚಲಿಸುತ್ತದೋ ಅಲ್ಲಿಗೆ ತಂದು ಹಿಡಿಯಲಿ. ಇನ್ನೊಬ್ಬರು ಗಾಜಿನ ಎರಡೂ ಮೈಗೆ ಅಂಗೈಗಳನ್ನು ಒತ್ತಿ ಮೇಲಕ್ಕೆ ನೂಕುತ್ತಿರುವಾಗ ಸ್ವಿಚ್ಚನ್ನು ಮೇಲಿನ ದಿಕ್ಕಿಗೆ ಎರಡು ಮೂರು ಕ್ಷಣಗಳಷ್ಟೇ ಒತ್ತಲಿ. ಬೆರಳುಗಳು ಗಾಜಿನ ಮೇಲಂಚಿನ ಹತ್ತಿರ ಇರಬಾರದು. ಗಾಜು ಏರಿ ಮುಚ್ಚಿಕೊಂಡರೆ, ರಿಪೇರಿಯಾಗುವವರೆಗೆ ಅದನ್ನು ಯಾರೂ ಇಳಿಸದಂತೆ ಆ ಬಾಗಿಲಿನ ಕನೆಕ್ಟರನ್ನೋ ಅದಕ್ಕೆ ಪ್ರತ್ಯೇಕ ಫ್ಯೂಸ್ ಇದ್ದರೆ ಆ ಫ್ಯೂಸನ್ನೋ ತೆಗೆದಿಡುವುದು ಕ್ಷೇಮ. ಯಾವ ಕಾರಣಕ್ಕೂ ಮೂಲದಲ್ಲಿರುವುದಕ್ಕಿಂತ ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಿ ಪ್ರಯತ್ನಿಸಲು ಬಿಡಬೇಡಿ. ಆಗ ಫ್ಯೂಸಿನ ಬದಲು ವೈರೇ ಸುಡುತ್ತದೆ.

ಕೆಲಸ ಮುಗಿದು ಬ್ಯಾಟರಿ ಮರುಜೋಡಿಸಿದ ಮೇಲೆ, ಒಂದೇ ಒತ್ತಿಗೆ ಪೂರ್ತಿ ಏಳುವ ಕಿಟಕಿಗಳು ನಿಮ್ಮ ಕಾರಿನಲ್ಲಿದ್ದರೆ ಅವು ತಮ್ಮ ಮೇಲಿನ ಮತ್ತು ಕೆಳಗಿನ ತುದಿಗಳನ್ನು ಮರೆತಿರಬಹುದು. ಅದನ್ನು ಹೊಸ ದೋಷವೆಂದು ತಿಳಿಯಬೇಡಿ. ಸಾಮಾನ್ಯವಾಗಿ ಗಾಜನ್ನು ಪೂರ್ತಿ ಇಳಿಸಿ, ಮತ್ತೆ ಪೂರ್ತಿ ಏರಿಸಿ, ಮೇಲೆ ಮುಟ್ಟಿದ ನಂತರವೂ ಸ್ವಿಚ್ಚನ್ನು ಕೆಲವು ಕ್ಷಣ ಹಿಡಿದಿಟ್ಟರೆ ಅವು ಮತ್ತೆ ಕಲಿಯುತ್ತವೆ. ನಿಖರವಾದ ಕ್ರಮ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಇರುತ್ತದೆ. ಕಲಿಯುವವರೆಗೆ ಕೈ ಅಡ್ಡ ಬಂದರೂ ಗಾಜು ಹಿಂದೆ ಸರಿಯದೇ ಇರಬಹುದು, ಹೀಗಾಗಿ ಮಕ್ಕಳನ್ನು ದೂರವಿಡಿ. ಆಮೇಲೆ ಸುರುಳಿ ಸುತ್ತಿದ ಮೆತ್ತನೆಯ ಟವೆಲ್ಲೊಂದನ್ನು ಅಡ್ಡವಿಟ್ಟು, ಗಾಜು ಅದಕ್ಕೆ ತಾಗಿದೊಡನೆ ಕೆಳಗಿಳಿಯುತ್ತದೆಯೇ ಎಂದು ಪರೀಕ್ಷಿಸಿದ ಬಳಿಕವೇ ಆ ಕಿಟಕಿಯನ್ನು ಬಳಕೆಗೆ ಬಿಡಿ.